ಡಾನ್ಯಲ್ ಎಣಿಸಿದ ಮೋಡಗಳು

ಮೋಡ ಎಂಬ ಪದಕ್ಕೆ ನಾಲ್ಕುನೂರ ಹನ್ನೊಂದು ಚೀಟಿಗಳಿದ್ದವು. ಅವುಗಳಲ್ಲಿ ನಾಲ್ಕುನೂರ ಹತ್ತು ಮೇಜಿನ ಮೇಲಿನ ಮರದ ಪೆಟ್ಟಿಗೆಯಲ್ಲಿದ್ದವು. ಉಳಿದ ಒಂದು ಮೂರು ದಿನದಿಂದ ರಾನ್ವಾಳ ಕೋಟಿನ ಜೇಬಿನಲ್ಲಿತ್ತು.

ಫಾರೋ ದ್ವೀಪಗಳ ಭಾಷೆಯ ನಿಘಂಟು ಕಚೇರಿಯಲ್ಲಿ ಚೀಟಿ ಕದಿಯುವುದಕ್ಕಿಂತ ದೊಡ್ಡ ಪಾಪವಿಲ್ಲ. ಪಕ್ಕದವರ ಬಿಸ್ಕತ್ತು ತಿನ್ನಬಹುದು, ಮುಖ್ಯ ಸಂಪಾದಕ ಸಾಮಲ್‌ನ ನಡಿಗೆಯನ್ನು ಅವನ ಬೆನ್ನ ಹಿಂದೆ ಅಣಕಿಸಬಹುದು, ಅದಕ್ಕೆಲ್ಲ ಕ್ಷಮೆ ಉಂಟು. ಚೀಟಿಯ ತಂಟೆಗೆ ಮಾತ್ರ ಹೋಗುವಂತಿಲ್ಲ. ದ್ವೀಪದ್ವೀಪಗಳಿಂದ ಶಾಲಾ ಮಾಸ್ತರರು, ಪಾದ್ರಿಗಳು, ಮೀನುಗಾರರ ಹೆಂಡಿರು ತಮ್ಮ ಅಕ್ಷರದಲ್ಲಿ ಬರೆದು ಕಳಿಸಿದ ಕಾಗದಗಳು ಅವು. ಪದ, ಪದ ಬಳಸಿದ ವಾಕ್ಯ, ಹೇಳಿದವರ ಹೆಸರು, ವಯಸ್ಸು, ಊರು. ಹದಿನಾಲ್ಕು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದ ರಾನ್ವಾ, ಹೊಸದಾಗಿ ಸೇರಿದವರಿಗೆ ಈ ಪಾಠವನ್ನು ತಾನೇ ಹೇಳಿಕೊಟ್ಟವಳು. ಅಂಥವಳೇ ಈಗ ಈ ಕೆಲಸ ಮಾಡಿದ್ದಳು.

ಮೋಡದ ನೇರ ಅರ್ಥಗಳನ್ನು ಅವಳು ಒಂದೇ ದಿನದಲ್ಲಿ ಮುಗಿಸಿದ್ದಳು. ಗುಡ್ಡದ ತಲೆಗೆ ಟೋಪಿಯಾಗಿ ಕೂರುವ ಮೋಡ, ಸೊಂಟಕ್ಕೆ ಪಟ್ಟಿ ಕಟ್ಟುವ ಮೋಡ, ಸಮುದ್ರದಿಂದ ತೆವಳಿಕೊಂಡು ಬಂದು ಹಿತ್ತಲಲ್ಲಿ ಒಣಹಾಕಿದ ಬಟ್ಟೆ ನೆನೆಸಿ ಹೋಗುವ ಮೋಡ. ಇವುಗಳನ್ನು ದಿನಾ ಕಂಡು ಬೆಳೆದವರಿಗೆ ಅದೇನು ಕಷ್ಟ? ಆಮೇಲೆ ಸಾಂಕೇತಿಕ ಅರ್ಥಗಳು. ಗಂಡಹೆಂಡಿರ ಮಾತು ನಿಂತರೆ ಮನೆಯೊಳಗೆ ಮೋಡ ಬಂತು ಅನ್ನುತ್ತಾರೆ. ಮುದುಕರ ಕಣ್ಣಿನ ಪೊರೆಯೂ ಮೋಡ, ಪ್ರೀತಿಗೆ ಬಿದ್ದ ಹುಡುಗಿ ನಡೆಯುವುದೂ ಮೋಡದ ಮೇಲೆ. ಖುಷಿಯಿಂದ ಜೋಡಿಸುತ್ತ ಬಂದವಳ ಕೈಗೆ ಸೋಮವಾರ ಮಧ್ಯಾಹ್ನ ಹಳದಿಗಟ್ಟಿದ ಆ ಚೀಟಿ ಸಿಕ್ಕಿತು. ಯಾವುದೋ ಕಾಲದ ಮಾಸ್ತರರ ದುಂಡು ಅಕ್ಷರ.

‘ಮೋಡ ಎಣಿಸು. ಇಲ್ಲದ್ದನ್ನು ಇದೆ ಎನ್ನುವವರಿಗೆ ಆಡುವ ಮಾತು. ವಾಕ್ಯ: ಡಾನ್ಯಲ್‌ನ ಹಾಗೆ ಮೋಡ ಎಣಿಸಬೇಡ. ಊರು: ಸ್ಕಾರ್ವನೆಸ್.’

ಸ್ಕಾರ್ವನೆಸ್ ಅವಳ ಊರು. ಡಾನ್ಯಲ್ ಅವಳ ಅಜ್ಜ.

ಕಥೆ ಇಷ್ಟೇ. ಅರವತ್ತೆರಡು ವರ್ಷದ ಹಿಂದೆ, ಹೊರಗುಡ್ಡದ ಕುರಿಗಳನ್ನು ಕೆಳಗಿಳಿಸುವ ಕಾಲದಲ್ಲಿ, ಕುರಿಗಳು ಎಲ್ಲಿವೆ ಎಷ್ಟಿವೆ ಎಂದು ನೋಡಿಬರಲು ಡಾನ್ಯಲ್ ಹಿಂದಿನ ಸಂಜೆ ಮೇಲಕ್ಕೆ ಹೋದ. ಮೇಲಿನ ಬೋಗುಣಿ ಕಣಿವೆಯಲ್ಲಿ ನೂರ ಇಪ್ಪತ್ತು ಕುರಿಗಳಿವೆ ಎಂದು ಬಂದು ಹೇಳಿದ. ಮಾರನೆಯ ದಿನ ಊರಿನ ಗಂಡಸರೆಲ್ಲ ನಾಯಿಗಳ ಸಮೇತ ಹತ್ತಿದರು, ಪಕ್ಕದೂರಿನವರನ್ನೂ ಸಹಾಯಕ್ಕೆ ಕರೆದಿದ್ದರು. ಕಣಿವೆಯಲ್ಲಿದ್ದದ್ದು ಹುಲ್ಲಿನ ತಗ್ಗುಗಳಲ್ಲಿ ತುಂಡುತುಂಡಾಗಿ ಕೂತ ಮೋಡ. ಒಂದು ಕುರಿಯೂ ಇರಲಿಲ್ಲ. ನೆನೆದು ತೊಪ್ಪೆಯಾಗಿ ಇಳಿದು ಬಂದ ಪಕ್ಕದೂರಿನವರು, ಮೋಡದ ಕಿವಿಗೆ ನಿಮ್ಮೂರ ಗುರುತು ಕೊಯ್ದಿದ್ದೀರೋ ಇಲ್ಲವೋ ಎಂದು ಕೇಳಿ ಹೋದರು. ಕುರಿಯ ಕಿವಿ ಕೊಯ್ತ ನೋಡಿ ಒಡೆಯನನ್ನು ಹೇಳುವ ಊರಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಚಳಿಗಾಲಕ್ಕೆ ಡಾನ್ಯಲ್‌ನ ಮೇಲೆ ಗೇಲಿಯ ಲಾವಣಿ ಸಿದ್ಧವಾಯಿತು. ಶಾಲೆಯ ಕೋಣೆಯಲ್ಲಿ ಊರೆಲ್ಲ ಕೈಕೈ ಹಿಡಿದು ಸುತ್ತು ಕುಣಿಯುವಾಗ ಅದನ್ನು ಹಾಡಿದರು. ಯಾರ ಮೇಲೆ ಲಾವಣಿಯೋ ಅವನೂ ಕುಣಿಯಬೇಕು. ಓಡಿಹೋಗದಂತೆ ಇಬ್ಬರು ಗಟ್ಟಿಗರು ಅವನ ಎಡಗೈ ಬಲಗೈ ಹಿಡಿದಿರುತ್ತಾರೆ. ಡಾನ್ಯಲ್ ಮೂವತ್ತಾರು ಪದ್ಯಗಳನ್ನೂ ಕುಣಿದ.

ಲಾವಣಿ ಮರೆತುಹೋಯಿತು, ಮಾತು ಉಳಿಯಿತು. ಹತ್ತು ಮೀನು ಹಿಡಿದೆ ಅಂದವನನ್ನು ಮೋಡ ಎಣಿಸಿದೆಯಾ ಎಂದು ಕೇಳುವುದು ರೂಢಿಯಾಯಿತು. ಡಾನ್ಯಲ್‌ನ ಮನೆಯವರೋ, ಸಂಖ್ಯೆ ಹೇಳುವುದನ್ನೇ ಬಿಟ್ಟರು. ರಾನ್ವಾ ಹುಟ್ಟಿದಾಗ ಸೂಲಗಿತ್ತಿ ತೂಕ ಹೇಳಿದರೂ ಅವಳಪ್ಪ ಮಿಕ್ಯಲ್, ಮಗು ಎಷ್ಟು ತೂಕ ಎಂದು ಕೇಳಿದವರಿಗೆ ಸಾಕಷ್ಟಿದೆ ಎಂದನಂತೆ. ಅವಳು ಶಾಲೆಯಲ್ಲಿ ತೊಂಬತ್ತಾರು ಅಂಕ ತಗೊಂಡ ದಿನ ತರಗತಿಯ ಹಿಂದಿನ ಬೆಂಚಿನಿಂದ ಬಂದ ಮಾತನ್ನು ಅವಳು ಮರೆತಿರಲಿಲ್ಲ. ರಾಜಧಾನಿ ಟೋರ್ಷಾವ್ನ್‌ಗೆ ಬಂದು ಇಪ್ಪತ್ತು ವರ್ಷವಾದರೂ ಯಾರಿಗೂ ತನ್ನ ಅಜ್ಜನ ಹೆಸರು ಹೇಳಿರಲಿಲ್ಲ.

ಈಗ ಅದನ್ನು ಅಚ್ಚು ಹಾಕಬೇಕಾಗಿದ್ದವಳು ಅವಳೇ. ಶುಕ್ರವಾರ ಪುಟಗಳು ಮುದ್ರಣಕ್ಕೆ ಹೋಗಬೇಕು. ಒಮ್ಮೆ ನಿಘಂಟಿನಲ್ಲಿ ಕೂತ ಮಾತನ್ನು ಏಳಿಸಲು ದೇವರಿಂದಲೂ ಆಗುವುದಿಲ್ಲ.

ಮಂಗಳವಾರವೆಲ್ಲ ಅವಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕಿಟಕಿಗೆ ಹೋದಳು, ಕಾಫಿಗೆ ಹೋದಳು, ಕೋಟನ್ನು ಒಂದು ಮೊಳೆಯಿಂದ ಇನ್ನೊಂದು ಮೊಳೆಗೆ ಬದಲಾಯಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಗಳಿಗೆಗೊಮ್ಮೆ ಜೇಬು ಮುಟ್ಟಿಕೊಂಡಳು. ಬುಧವಾರ ಬೆಳಿಗ್ಗೆ ಸಾಮಲ್ ತನ್ನ ಪದ್ಧತಿಯಂತೆ ಪೆಟ್ಟಿಗೆಯ ಚೀಟಿಗಳನ್ನು ಎಣಿಸಿ, ಒಂದು ಕಡಿಮೆಯಿದೆಯಲ್ಲ ಎಂದ. ಅವಳು ತಡವರಿಸಲಿಲ್ಲ. ಅದು ಒಬ್ಬನೇ ಸಾಕ್ಷಿಯ ಚೀಟಿ, ಪರಿಶೀಲನೆಗೆ ತೆಗೆದಿಟ್ಟಿದ್ದೇನೆ ಎಂದಳು. ಅದು ನಿಜವೂ ಆಗಿತ್ತು. ಸಾಂಕೇತಿಕ ಅರ್ಥಕ್ಕೆ ಇಬ್ಬರು ಸಾಕ್ಷಿಗಳಿರಬೇಕು ಎಂಬುದು ಸಾಮಲ್‌ನದೇ ಕಟ್ಟಳೆ. ಹಾಗಾದರೆ ಆ ಊರಿಗೆ ಹೋಗಿ ವಿಚಾರಿಸಿಕೊಂಡು ಬಾ, ಇನ್ನೊಬ್ಬ ಸಿಕ್ಕರೆ ಹಾಕು, ಸಿಗದಿದ್ದರೆ ಬಿಡು ಎಂದು ಅವನು ಕನ್ನಡಕ ಒರೆಸಿಕೊಂಡ.

ಬಿಡು ಎಂಬ ಮಾತು ಕೇಳಿದ್ದೇ ತಡ, ಅವಳು ದೋಣಿಗೆ ಓಡಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥ ದಾರಿ ತೆರೆದಿತ್ತು. ಊರಲ್ಲಿ ಹಳಬರು ಎಷ್ಟು ಜನ ಉಳಿದಿದ್ದಾರು? ಉಳಿದವರಿಗೆ ಎಷ್ಟು ನೆನಪಿದ್ದೀತು?

ಸ್ಕಾರ್ವನೆಸ್‌ನಲ್ಲಿ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಅವಳು ಮೊದಲು ಹೋದದ್ದು ಅಂಗಡಿಯ ಮಾರ್ಯುನ್ ಹತ್ತಿರ. ಮಾರ್ಯುನ್ ರೂಬಾರ್ಬ್ ಜಾಮಿನ ಕೇಕು ಕೊಟ್ಟು, ಮದುವೆ ಯಾವಾಗ ಎಂದು ಪ್ರತಿಸಲದಂತೆ ಕೇಳಿದಳು. ರಾನ್ವಾ ಚೀಟಿ ತೋರಿಸಿ, ಊರಲ್ಲಿ ಈ ಮಾತು ಕೇಳಿದ್ದೀರಾ ಎಂದು ವಿಚಾರಿಸಿದಳು. ಮಾರ್ಯುನ್ ಚೀಟಿಯನ್ನು ಪೂರ್ತಿ ಓದುವ ಮೊದಲೇ ತಲೆಯಾಡಿಸಿದಳು.

“ಇಲ್ಲ ಕಣಮ್ಮ. ನನ್ನ ಕಿವಿ ಮೇಲಂತೂ ಬಿದ್ದಿಲ್ಲ. ಇನ್ನೊಂದು ಚೂರು ಕೇಕ್ ತಗೋ.”

ದೋಣಿಮನೆಯಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ನಾಲ್ಕು ಜನರನ್ನು ಕೇಳಿದಳು. ಒಬ್ಬ ನಗಲು ಬಾಯಿ ತೆರೆದ, ಪಕ್ಕದವನು ಅವನ ಬೂಟು ತುಳಿದ. ನಾಲ್ವರೂ ಮುಖ ಗಂಭೀರ ಮಾಡಿಕೊಂಡು, ಅದು ದಕ್ಷಿಣದ ದ್ವೀಪದವರ ಮಾತಿರಬೇಕು, ಅವರ ನಾಲಗೆಗೆ ಎಲುಬಿಲ್ಲ ಎಂದರು. ಚರ್ಚಿನ ಬೀಗದ ಕೈ ಇಟ್ಟುಕೊಂಡಿದ್ದ ಮುದುಕಿಗೂ ಗೊತ್ತಿರಲಿಲ್ಲ. ಹಳೆಯ ಮಾಸ್ತರರ ಸೊಸೆ, ಮಾವನವರಿಗೆ ಕೊನೆಗೊನೆಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಏನೇನೋ ಬರೆದು ಕಳಿಸುತ್ತಿದ್ದರು ಎಂದಳು. ಹಳ್ಳಿಗೆ ಹಳ್ಳಿಯೇ ಮರೆತುಬಿಟ್ಟಿತ್ತು. ಅವರು ಸುಳ್ಳು ಹೇಳುತ್ತಿದ್ದಾರೆಂದು ರಾನ್ವಾಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೆ ಅವಳಿಗೆ ಬೇಕಾದದ್ದು ಸಾಕ್ಷಿಯಲ್ಲ, ಸಾಕ್ಷಿಯ ಅಭಾವ. ಅದು ಸಿಕ್ಕಿತ್ತು. ಮಳೆಯಲ್ಲೇ ಅಪ್ಪನ ಮನೆಯ ಕಡೆ ಬೀಸುಗಾಲು ಹಾಕುವಾಗ ಅವಳಿಗೆ ಸಿಳ್ಳೆ ಹಾಕುವ ಮನಸ್ಸಾಯಿತು.

ಮಿಕ್ಯಲ್ ಮನೆಯ ಪಕ್ಕದ ಹಲಗೆಗೂಡಿನಲ್ಲಿದ್ದ. ಹಲಗೆಗಳ ನಡುವಿನ ಸಂದಿಯಲ್ಲಿ ಗಾಳಿ ಹಾಯ್ದು ಮಾಂಸ ಒಣಗುವ ಗೂಡು ಅದು. ತೂಗುಹಾಕಿದ್ದ ಕುರಿತೊಡೆಯಿಂದ ರಾತ್ರಿಯೂಟಕ್ಕೆ ಒಂದು ತುಂಡು ಕೊಯ್ಯುತ್ತಿದ್ದ. ಎಪ್ಪತ್ತೊಂದು ವರ್ಷದ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಮಗಳು ಹೇಳದೆ ಕೇಳದೆ ಬಂದದ್ದಕ್ಕೆ ಹುಬ್ಬೇರಿಸಿದ. ಅವಳು ನಿಂತಲ್ಲೇ ಎಲ್ಲ ಹೇಳಿದಳು. ಚೀಟಿ, ಸಾಮಲ್‌ನ ಕಟ್ಟಳೆ, ಊರವರ ಉತ್ತರ. ಮಗಳಿಂದ ಮನೆತನದ ಮೇಲಿನ ಕಲೆ ತೊಳೆದುಹೋಯಿತು ಎಂದು ಅಪ್ಪ ಬೆನ್ನು ತಟ್ಟಬಹುದೆಂದು ಅವಳ ಎಣಿಕೆ.

“ಯಾರಿಗೂ ನೆನಪಿಲ್ಲ ಅಪ್ಪ. ಇಲ್ಲಿಗೆ ಮುಗೀತು ಅದು,” ಎಂದಳು.

ಮಿಕ್ಯಲ್ ಚಾಕುವನ್ನು ಹಲಗೆಯ ಮೇಲಿಟ್ಟ.

“ಯಾರ್ಯಾರನ್ನ ಕೇಳ್ದೆ?”

ಅವಳು ಹೆಸರುಗಳನ್ನು ಹೇಳಿದಳು. ಒಂದೊಂದು ಹೆಸರಿಗೂ ಅಪ್ಪನ ಮುಖ ಕೆಂಪಾಗುತ್ತ ಹೋದದ್ದನ್ನು ಅವಳು ಮೊದಲು ಗಮನಿಸಲಿಲ್ಲ.

“ಮಾರ್ಯುನ್ ಕೇಳೇ ಇಲ್ಲ ಅಂದ್ಲಾ?” ಎಂದ ಅವನು. “ನನ್ನ ಮದುವೆ ದಿನ ಅವಳಮ್ಮ ಚರ್ಚ್ ಬಾಗಿಲಲ್ಲೇ ನಿಂತು, ಹೆಣ್ಣು ನಿಜವಾಗ್ಲೂ ಇದಾಳೋ ಇಲ್ಲ ಬರೀ ಮೋಡಾನೋ ಸರಿಯಾಗಿ ನೋಡ್ಕೊ ಅಂದ್ಲು. ಇವಳು ಪಕ್ಕದಲ್ಲೇ ನಿಂತು ಹಲ್ಲು ಕಿರೀತಿದ್ಲು. ನಿಮ್ಮಮ್ಮನ ಕಣ್ಣಲ್ಲಿ ನೀರು ಬಂತು. ಅದೆಲ್ಲ ಆಗೇ ಇಲ್ವಾ ಹಾಗಾದ್ರೆ?”

“ನಿನಗೆ ನೋವಾಗಬಾರದು ಅಂತ ತಾನೇ...”

“ಅರವತ್ತು ವರ್ಷ ಇವರ ಬಾಯಲ್ಲಿ ಬಿದ್ದು ಜಗಿಸ್ಕೊಂಡಿದೀನಿ. ಈಗ ನಾವು ಜಗಿದೇ ಇಲ್ಲ ಅಂತಾರೆ. ಅಂದ್ರೆ ನಾನು ಸುಮ್‌ಸುಮ್ನೆ ತಲೆ ತಗ್ಗಿಸ್ಕೊಂಡು ಓಡಾಡಿದ್ನಾ? ಹುಚ್ಚಾ ನನಗೆ?”

ಅಪ್ಪ ಇಷ್ಟು ಮಾತಾಡಿದ್ದನ್ನು ರಾನ್ವಾ ಕೇಳಿದ್ದೇ ಇಲ್ಲ. ಅವಳಿಗೂ ಸಿಟ್ಟು ಬಂತು. ಯಾರಿಗಾಗಿ ಚೀಟಿ ಕದ್ದು, ಎರಡು ರಾತ್ರಿ ನಿದ್ದೆಗೆಟ್ಟು, ಒದ್ದೆಯಾಗಿ ಬಂದದ್ದು? ಅಚ್ಚಾದರೆ ಇನ್ನು ನೂರು ವರ್ಷ ಇರುತ್ತದೆ, ನಮ್ಮ ಅಜ್ಜನ ಹೆಸರನ್ನು ನಾನೇ ನನ್ನ ಕೈಯಾರೆ ಅಲ್ಲಿ ಕೂರಿಸಬೇಕೇ ಎಂದು ದನಿಯೇರಿಸಿದಳು. ಮಿಕ್ಯಲ್, ಅರ್ಥ ಏನೆಂದು ಬರೆದಿದ್ದೀಯ ಎಂದು ಕೇಳಿದ. ಅವಳು ಕರಡು ಬರೆದ ಹಾಳೆಯನ್ನು ಚೀಲದಿಂದ ತೆಗೆದು ಕೊಟ್ಟಳು. ಅವನು ಅದನ್ನು ಬೆಳಕಿನ ಸಂದಿಗೆ ಹಿಡಿದು ಎರಡು ಸಲ ಓದಿದ. ‘ಮೋಡ ಎಣಿಸು: ಸುಳ್ಳು ಲೆಕ್ಕ ಕೊಡು.’

“ಸುಳ್ಳು,” ಎಂದ. “ನೀನೂ ಸುಳ್ಳು ಅಂತಾನೇ ಬರ್ದಿದೀಯ.”

ರಾನ್ವಾ ಹಾಳೆಯನ್ನು ತಿರುಗಿ ತೆಗೆದುಕೊಂಡು ಓದಿದಳು. ಹದಿನಾಲ್ಕು ವರ್ಷ ಪದಗಳ ಅರ್ಥವನ್ನು ಕೂದಲು ಸೀಳಿದಂತೆ ಸೀಳಿ ನೋಡಿದವಳು, ತನ್ನ ಮನೆಯ ಮಾತಿಗೆ ಬಂದಾಗ ಹಿಂದಿನ ಬೆಂಚಿನ ಹುಡುಗರು ಕೊಟ್ಟ ಅರ್ಥವನ್ನೇ ಇಳಿಸಿಕೊಂಡಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಮಿಕ್ಯಲ್ ಟೋಪಿ ಹಾಕಿಕೊಂಡು, ನಡೀ ಎಂದ. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಅವನು ಬೇಲಿ ದಾಟಿದ್ದ.

ಅವನು ಹೊರಟದ್ದು ಹಾನುಸ್‌ನ ಮನೆಗೆ. ಊರಿನ ತುದಿಯ ಮನೆ, ಊರಿನ ಅತಿ ಹಿರಿಯ, ಎಂಬತ್ತೆರಡು ವರ್ಷ. ರಾನ್ವಾ ಬೇಕೆಂದೇ ಆ ಮನೆಯೊಂದನ್ನು ಬಿಟ್ಟಿದ್ದಳು. ಹಾನುಸ್‌ನ ಬಾಯಿಗೆ ಹೆದರದವರಿರಲಿಲ್ಲ. ಮೋಡದ ಮಾತನ್ನು ಅವನಷ್ಟು ಸಲ, ಅವನಷ್ಟು ರಾಗವಾಗಿ ಯಾರೂ ಆಡಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಬಿದ್ದ ಹಲ್ಲು ತೋರಿಸಲು ಹೋದರೆ, ಬಿದ್ದದ್ದು ಹಲ್ಲೋ ಮೋಡವೋ ಎಂದು ಕೇಳಿ ಅಳಿಸಿದ್ದ. ದಾರಿಯಲ್ಲಿ ಅಪ್ಪ ಒಂದೇ ಉಸಿರಿನಲ್ಲಿ ಕೆಲವು ಸಂಗತಿ ಹೇಳಿದ. ಅವತ್ತು ಸಂಜೆ ಅಜ್ಜನ ಜೊತೆ ಮೇಲಕ್ಕೆ ಹೋಗಿದ್ದವನು ಹಾನುಸ್, ಆಗ ಅವನಿಗೆ ಇಪ್ಪತ್ತು. ಮಾರನೆಯ ದಿನ ಊರವರು ಕೇಳಿದಾಗ, ನಾನು ನಾಯಿಗಳನ್ನು ನೋಡಿಕೊಳ್ಳುತ್ತಿದ್ದೆ, ಕಣಿವೆಗೆ ಇಣುಕಲೇ ಇಲ್ಲ ಅಂದ. ಶಾಲೆಯ ಕೋಣೆಯಲ್ಲಿ ಅಜ್ಜನ ಎಡಗೈ ಹಿಡಿದವನೂ ಅವನೇ. ಒಂಬತ್ತು ವರ್ಷದ ಮಿಕ್ಯಲ್ ಗೋಡೆಗೆ ಒತ್ತಿಕೊಂಡು ನಿಂತು ಎಲ್ಲ ನೋಡಿದ್ದ. ಅಪ್ಪನ ಮುಖ ನೋಡಲಾರದೆ, ಅಪ್ಪನ ಕೈ ಹಿಡಿದ ಆ ಕೈಯನ್ನೇ ನೋಡುತ್ತಿದ್ದೆ ಎಂದ. ರಾನ್ವಾ ಅಪ್ಪನ ತೋಳು ಹಿಡಿಯಲು ಹೋದಳು. ಅವನು ಇನ್ನೂ ಜೋರಾಗಿ ನಡೆದ.

ಹಾನುಸ್ ಒಲೆಯ ಪಕ್ಕದ ಬೆಂಚಿನಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದ. ಮಿಕ್ಯಲ್‌ನನ್ನು ಬಾಗಿಲಲ್ಲಿ ಕಂಡು ಅವನ ಸೂಜಿ ನಿಂತಿತು. ಈ ಇಬ್ಬರೂ ಒಂದೇ ಊರಲ್ಲಿ, ಒಂದೇ ಚರ್ಚಿನಲ್ಲಿ ಜೀವ ತೇಯ್ದವರು, ಆದರೆ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿದವರಲ್ಲ. ಕೂತ್ಕೊಳ್ಳಿ ಎಂದ ಹಾನುಸ್. ಮಿಕ್ಯಲ್ ಕೂರಲಿಲ್ಲ. ಹನಿ ತೊಟ್ಟಿಕ್ಕುವ ಟೋಪಿಯಲ್ಲೇ ನಿಂತು, ಮಗಳು ನಿಘಂಟು ಕಚೇರಿಯಿಂದ ಬಂದಿದ್ದಾಳೆ, ಊರಿನ ಒಂದು ಮಾತಿಗೆ ಸಾಕ್ಷಿ ಬೇಕಂತೆ, ಊರಲ್ಲಿ ಯಾರಿಗೂ ನೆನಪಿಲ್ಲವಂತೆ ಎಂದ.

ಹಾನುಸ್ ರಾನ್ವಾಳ ಕಡೆ ನೋಡಿದ. ಅವಳು ಚೀಟಿ ಮುಂದೆ ಹಿಡಿದಳು. ಕಣ್ಣು ಮಂಜಾಗಿದೆ, ಓದಲಾಗುವುದಿಲ್ಲ ಎಂದು ಅವನು ತಪ್ಪಿಸಿಕೊಳ್ಳಲು ನೋಡಿದ. ಅವಳು ಗಟ್ಟಿಯಾಗಿ ಓದಿದಳು.

“ನನಗೂ ನೆನಪಿಲ್ಲ,” ಎಂದ ಹಾನುಸ್. “ವಯಸ್ಸಾಯ್ತು ನೋಡು.”

“ಹಾನುಸ್,” ಎಂದ ಮಿಕ್ಯಲ್, “ನಮ್ಮಪ್ಪನ ಕೈ ಹಿಡ್ಕೊಂಡಿದ್ದೆ ನೀನು. ಅದಾದ್ರೂ ನೆನಪಿದ್ಯಾ?”

ಒಲೆಯ ಮೇಲಿನ ಕೆಟಲ್ ಕುದಿಯುತ್ತಿತ್ತು, ಯಾರೂ ಇಳಿಸಲಿಲ್ಲ. ರಾನ್ವಾಗೆ ಹೊರಗೆ ಓಡಬೇಕೆನಿಸಿತು. ಇಬ್ಬರು ಮುದುಕರ ನಡುವೆ ನಿಂತು ಪುಸ್ತಕ ಪೆನ್ನು ಹಿಡಿದ ತಾನೊಬ್ಬಳು ಅಧಿಕಪ್ರಸಂಗಿ ಅನ್ನಿಸಿತು. ಹಾನುಸ್ ಹೆಣಿಗೆಯನ್ನು ಮಡಿಲಲ್ಲಿಟ್ಟು, ಎರಡೂ ಅಂಗೈಗಳನ್ನು ಮೊಣಕಾಲಿಗೆ ಉಜ್ಜಿಕೊಂಡ.

“ನೆನಪಿದೆ,” ಎಂದ. “ಒಂದೂ ಮರ್ತಿಲ್ಲ. ಆ ಮಾತನ್ನ ಎಲ್ಲರಿಗಿಂತ ಜಾಸ್ತಿ ಆಡಿದವನು ನಾನು. ಬರ್ಕೊ ಮಗಳೇ.”

ಅವಳು ಹೊಸ ಚೀಟಿ ತೆಗೆದಳು. ಹೆಸರು ಬರೆದಳು, ವಯಸ್ಸು ಬರೆದಳು, ಊರು ಬರೆದಳು. ವಾಕ್ಯ ಹೇಳಿ ಎಂದಾಗ ಅವನು ಹೇಳಿದ, ಆದರೆ ನೆಲ ನೋಡಿಕೊಂಡು, ಬೈಬಲ್ ಓದುವವರ ಹಾಗೆ. ಅವನ ಬಾಯಲ್ಲಿ ಆ ಮಾತು ಹಾಗೆ ಬಂದದ್ದನ್ನು ಅವಳು ಕೇಳಿರಲಿಲ್ಲ. ಉಳಿದದ್ದು ಅರ್ಥ. ಅದನ್ನು ಅಪ್ಪನೇ ಹೇಳಲಿ ಎಂದು ಅವಳು ಕಾದಳು. ಅವನು ಹಾನುಸ್‌ನನ್ನೇ ನೋಡುತ್ತಿದ್ದ.

“ಅರ್ಥ ಹೇಳಿ ಅಜ್ಜ,” ಎಂದಳು. “ಸುಳ್ಳು ಹೇಳೋದು ಅಂತಾನಾ?”

ಹಾನುಸ್ ಮಡಿಲಿನ ಹೆಣಿಗೆಯನ್ನು ಪಕ್ಕಕ್ಕಿಟ್ಟ.

“ಅಲ್ಲ,” ಎಂದ. “ಡಾನ್ಯಲ್ ಸುಳ್ಳು ಹೇಳ್ಲಿಲ್ಲ. ಸಂಜೆ ಬೆಳಕು ಕೆಳಗಿಂದ ಬೀಳ್ತಿತ್ತು. ಅವು ಮೇಯ್ತಿದ್ವು. ದೇವರಾಣೆ ಮೇಯ್ತಿದ್ವು, ಮೇಯ್ತಾ ಮೇಯ್ತಾ ಜಾಗ ಬದಲಾಯಿಸ್ತಿದ್ವು.”

“ನೀನು ನಾಯಿ ಹತ್ರ ಇದ್ದೆ ಅಂದಿದ್ದೆ,” ಎಂದ ಮಿಕ್ಯಲ್.

“ಅಂದಿದ್ದೆ.”

ಮಿಕ್ಯಲ್ ಆಗ ಬೆಂಚಿನ ತುದಿಯಲ್ಲಿ ಕೂತ. ಟೋಪಿ ತೆಗೆಯಲೂ ನೆನಪಾಗಲಿಲ್ಲ. ಹಾನುಸ್ ಅವನ ಕಡೆ ತಿರುಗಲಿಲ್ಲ. ರಾನ್ವಾಳ ಪೆನ್ನನ್ನೇ ನೋಡುತ್ತ ಹೇಳಿದ.

“ನಿಮ್ಮಪ್ಪ ಒಂದ್ಸಲ ಎಣಿಸಿ ನೂರಿಪ್ಪತ್ತು ಅಂದ. ನಾನು ಎರಡು ಸಲ ಎಣಿಸ್ದೆ. ನನಗೆ ನೂರಿಪ್ಪತ್ಮೂರು ಸಿಕ್ತು.”